ಬಿಟ್ಟುಹೋದ ಕ್ವಾರಿ, ಮೇಲೊಂದು ಕಾಲುದಾರಿ: ಕೋಲಾರದ ಕಲ್ಲುಗುಂಡಿಗಳು ಕಾಡುಜೀವಿಗಳ ನೆಲೆಯಾಗುವ ಬಗೆ

ಕೋಲಾರ ಜಿಲ್ಲೆಯ ಟೇಕಲ್ ಸುತ್ತಮುತ್ತ ಓಡಾಡುವವರಿಗೆ ಕಲ್ಲಿನ ಕಸುಬು ಮೊದಲು ಕಾಣುವುದು ಕ್ರಷರ್‌ಗಳ ದೂಳಿನಲ್ಲಿ ಮತ್ತು ರಸ್ತೆಬದಿಯಲ್ಲಿ ಪೇರಿಸಿಟ್ಟ ಸೈಜುಗಲ್ಲು, ಚಪ್ಪಡಿ, ಕಲ್ಲುಕಂಬಗಳ ಸಾಲಿನಲ್ಲಿ. ಇನ್ನೂ ಸ್ವಲ್ಪ ಒಳಗೆ ಹೋದರೆ ಕೆಲಸ ನಿಂತು ಎಷ್ಟೋ ವರ್ಷಗಳಾದ ಕ್ವಾರಿ ಗುಂಡಿಗಳು ಸಿಗುತ್ತವೆ. ಮೂರು ಕಡೆ ನೆಟ್ಟಗೆ ನಿಂತ ಕಲ್ಲಿನ ಗೋಡೆ, ಒಂದು ಕಡೆ ಲಾರಿಗಳು ಇಳಿಯುತ್ತಿದ್ದ ಇಳಿಜಾರು, ತಳದಲ್ಲಿ ಮಳೆಯ ನೀರು. ಇಂತಹ ಗುಂಡಿಗಳಲ್ಲಿ ಕೆಲವನ್ನು ಕಸ ಸುರಿದು ಮುಚ್ಚುತ್ತಾರೆ, ಉಳಿದವನ್ನು ಯಾರೂ ತಿರುಗಿ ನೋಡುವುದಿಲ್ಲ. ಜಗತ್ತಿನ ಕೆಲವೆಡೆ ಇವೆರಡನ್ನೂ ಬಿಟ್ಟು ಬೇರೊಂದು ಕ್ರಮವನ್ನು ಅನುಸರಿಸಿದ್ದಾರೆ. ಗುಂಡಿಯನ್ನು ಅದರಲ್ಲಿ ಈಗಾಗಲೇ ಬಂದು ನೆಲೆಸಿರುವ ಪ್ರಾಣಿಪಕ್ಷಿಗಳಿಗೆ ಬಿಟ್ಟುಕೊಟ್ಟು, ಜನರು ನೋಡಲು ಮಾತ್ರ ನೆಲಕ್ಕೆ ತಾಗದಂತೆ ಎತ್ತರದಲ್ಲಿ ಕಾಲುದಾರಿಯೊಂದನ್ನು ಕಟ್ಟುವುದೇ ಆ ಕ್ರಮ.

ಈ ಎತ್ತರದ ಕಾಲುದಾರಿಯನ್ನು, ಅಂದರೆ ವಾಕ್‌ವೇಯನ್ನು, ಪ್ರವಾಸಿಗರನ್ನು ಸೆಳೆಯುವ ಕಟ್ಟಡವೆಂದಷ್ಟೇ ಭಾವಿಸಿದರೆ ಅದರ ಅರ್ಧ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಜನರಿಗೆ ನೋಟ ಒದಗಿಸುವುದಕ್ಕಿಂತ ಜನರ ಪಾದವನ್ನು ಆ ನೆಲದಿಂದ ದೂರ ಇಡುವುದೇ ಅದರ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ. ದಾರಿ ಎಲ್ಲಿ ಹಾದುಹೋಗಬೇಕು, ಎಷ್ಟು ಎತ್ತರದಲ್ಲಿರಬೇಕು, ಅದರ ಹಾಸು ಯಾವುದರದ್ದಾಗಿರಬೇಕು, ವರ್ಷದ ಯಾವ ತಿಂಗಳಲ್ಲಿ ಮುಚ್ಚಿರಬೇಕು ಎಂಬ ತೀರ್ಮಾನಗಳೆಲ್ಲ ಇದೊಂದನ್ನೇ ಅವಲಂಬಿಸಿವೆ. ಆದ್ದರಿಂದ ದಾರಿಯ ಮಾತಿಗೆ ಮೊದಲು ಗುಂಡಿಯೊಳಗೆ ನಡೆಯುವುದೇನು ಎಂಬುದನ್ನು ನೋಡಬೇಕು.

ಬಂಡೆಗೆ ಜೀವ ಹತ್ತುವ ಬಗೆ

ಕೋಲಾರದ ನೆಲದಡಿಯಲ್ಲಿರುವುದು ಹೆಚ್ಚಾಗಿ ನೈಸ್ ಮತ್ತು ಗ್ರಾನೈಟ್ ಶಿಲೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವೆಡೆ ಅದಕ್ಕೂ ಹೆಚ್ಚು. ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕದ ಹರಳುಗಳು ಬಿಗಿಯಾಗಿ ಹೆಣೆದುಕೊಂಡ ಈ ಕಲ್ಲು ನೀರಿಗೆ ಸುಲಭವಾಗಿ ಕರಗುವುದಿಲ್ಲ, ಸೈನೈಡಿನಂತಹ ವಿಷವನ್ನೂ ಬಿಡುವುದಿಲ್ಲ. ಕಟ್ಟಡದ ಕಲ್ಲಿನ ಕ್ವಾರಿಗೂ ಇದೇ ಜಿಲ್ಲೆಯ ಚಿನ್ನದ ಗಣಿಗೂ ಇರುವ ದೊಡ್ಡ ವ್ಯತ್ಯಾಸ ಇದು. 2001ರ ಫೆಬ್ರವರಿ 28ರಂದು ಮುಚ್ಚಿದ ಕೆಜಿಎಫ್ ಗಣಿಗಳ ಪಕ್ಕದ ಸೈನೈಡ್ ದಿಬ್ಬಗಳಲ್ಲಿ ಚಿನ್ನ ತೆಗೆಯಲು ಬಳಸಿದ ರಾಸಾಯನಿಕದ ಶೇಷ ಬೆರೆತಿದೆ. ಅಲ್ಲಿ ಮೊದಲು ಆಗಬೇಕಾದದ್ದು ಮಣ್ಣಿನ ಚಿಕಿತ್ಸೆ. ಕಲ್ಲಿನ ಕ್ವಾರಿಯಲ್ಲಿ ಅಂತಹ ಶೇಷವಿಲ್ಲ. ಅಲ್ಲಿನ ಕೊರತೆಯೆಂದರೆ ಮಣ್ಣೇ ಇಲ್ಲದಿರುವುದು.

ಮಣ್ಣಿಲ್ಲದ ಕಲ್ಲಿನ ಮೇಲೆ ಜೀವ ಹೇಗೆ ಹತ್ತುತ್ತದೆ ಎಂಬುದನ್ನು ಕ್ವಾರಿಯ ಗೋಡೆಯಲ್ಲೇ ಓದಬಹುದು. ಬಂಡೆಯನ್ನು ಸೀಳಲು ಕಂಪ್ರೆಸರ್ ಹಚ್ಚಿ ಸಾಲಾಗಿ ಹೊಡೆದ ತೂತುಗಳು ಕಲ್ಲು ಬೇರ್ಪಟ್ಟ ಮೇಲೆ ಗೋಡೆಯಲ್ಲಿ ಅರ್ಧರ್ಧ ಉಳಿದಿರುತ್ತವೆ. ಹೆಬ್ಬೆರಳು ಇಟ್ಟರೆ ಕೂರುವಷ್ಟು ಅಗಲದ, ಮೇಲಿನಿಂದ ಕೆಳಕ್ಕೆ ಇಳಿದ ತೋಡುಗಳು ಅವು. ಹತ್ತಿರ ಹೋಗಿ ನೋಡಿದರೆ ಬಿಸಿಲಿನಲ್ಲಿ ನಿಂತ ನುಣುಪು ಮೈ ಬೋಳಾಗಿಯೇ ಇರುತ್ತದೆ. ನೀರು ಜಾರುವ ತೋಡಿನೊಳಗೆ ಮಾತ್ರ ಮೊದಲು ಕಪ್ಪು ಪಟ್ಟಿ, ಅಂದರೆ ನೀಲಿಹಸಿರು ಪಾಚಿಯ ಪದರ, ಅದರ ಪಕ್ಕ ಬೂದು ಮತ್ತು ಹಳದಿ ಬಣ್ಣದ ಕಲ್ಲುಹೂವು, ತೋಡಿನ ಬುಡದಲ್ಲಿ ದೂಳು ಕೂತು ಕಟ್ಟಿದ ಚಿಟಿಕೆ ಮಣ್ಣು, ಆ ಮಣ್ಣಿನಲ್ಲಿ ಹಾಸುಪಾಚಿ ಇರುತ್ತವೆ. ಕಲ್ಲುಹೂವು ಬಂಡೆಗೆ ಅಂಟಿಕೊಂಡು ಬೆಳೆಯುವುದು ಬಹಳ ನಿಧಾನ. ಹಲವು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಹರಡುತ್ತವೆ. ಅಂಗೈ ಅಗಲದ ಒಂದು ಮಚ್ಚೆಗೆ ಹಲವು ದಶಕಗಳ ವಯಸ್ಸಿರಬಹುದು, ಒಂದು ಬೂಟಿನ ಉಜ್ಜುವಿಕೆಗೆ ಅದು ಕಿತ್ತುಬರುತ್ತದೆ.

ಪಾಚಿ ಹಿಡಿದಿಟ್ಟ ತೇವದಲ್ಲಿ ಹುಲ್ಲು ಹುಟ್ಟುತ್ತದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿ ಸತ್ತಂತೆ ಕಂಡರೂ ಮೊದಲ ಮಳೆಗೆ ಮತ್ತೆ ಹಸಿರಾಗುವ ಸಣ್ಣ ಹುಲ್ಲುಗಳೂ ಜರೀಗಿಡಗಳೂ ನಮ್ಮ ಬಂಡೆಗಳಲ್ಲಿವೆ. ಅವುಗಳ ನಂತರ ತಂಗಡಿ, ಬಂದರಿಕೆ, ಕಳ್ಳಿ ಮತ್ತು ಹಕ್ಕಿಗಳು ಹಿಕ್ಕೆಯಲ್ಲಿ ತಂದು ಹಾಕಿದ ಬೀಜದಿಂದ ಬಿರುಕಿನಲ್ಲಿ ಬೇರೂರುವ ಅರಳಿ, ಬಸರಿ, ಗೋಣಿ ಬರುತ್ತವೆ. ಈ ಮರಗಳಿಗೆ ಎಡೆ ಮಾಡಿಕೊಡುವುದು ಗ್ರಾನೈಟಿನ ಸಹಜ ಬಿರುಕುಗಳು. ಮೇಲಿನ ಭಾರ ಇಳಿದಂತೆಲ್ಲ ಬಂಡೆ ಈರುಳ್ಳಿಯ ಸಿಪ್ಪೆಯಂತೆ ಮೇಲ್ಮೈಗೆ ಸಮಾನಾಂತರವಾಗಿ ಪದರ ಬಿಡುತ್ತದೆ. ಕಲ್ಲು ಕುಟ್ಟುವವರು ಈ ಪದರನ್ನು ಹಿಡಿದೇ ಚಪ್ಪಡಿ ಎಬ್ಬಿಸುತ್ತಾರೆ. ಇದೇ ಪದರಿನಲ್ಲಿ ಮಳೆನೀರು ಇಳಿದು, ಗೋಡೆಯ ಯಾವುದೋ ಒಂದು ಮಟ್ಟದಲ್ಲಿ ಬೇಸಿಗೆಯವರೆಗೂ ಜಿನುಗುತ್ತಿರುತ್ತದೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ, ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆಯಾಗುವ ಜಿಲ್ಲೆಯಲ್ಲಿ ಆ ಜಿನುಗಿನ ಬೆಲೆ ದೊಡ್ಡದು.

ಯಾರು ಬಂದು ನೆಲೆಸುತ್ತಾರೆ

ಗಣಿಗಾರಿಕೆ ಬಿಟ್ಟುಹೋದ ನೆಟ್ಟನೆಯ ಗೋಡೆ ಮತ್ತು ಅದರ ನಡುನಡುವಿನ ಮೆಟ್ಟಿಲುಗಳು ಕೆಲವು ಜೀವಿಗಳಿಗೆ ಹೇಳಿ ಮಾಡಿಸಿದ ಜಾಗ. ಅವುಗಳಲ್ಲಿ ಮುಖ್ಯವಾದದ್ದು ಕೊಂಬಿನ ಗೂಬೆ. ಈ ದೊಡ್ಡ ಗೂಬೆ ಗೂಡು ಕಟ್ಟುವುದಿಲ್ಲ. ನವೆಂಬರಿನಿಂದ ಏಪ್ರಿಲಿನವರೆಗಿನ ಅವಧಿಯಲ್ಲಿ, ಬಂಡೆಯ ಚಾಚಿನ ಕೆಳಗಿನ ಬರೀ ನೆಲದ ಮೇಲೆ ಮೊಟ್ಟೆಯಿಟ್ಟು, ಸುಮಾರು ಐದು ವಾರ ಕಾವು ಕೊಡುತ್ತದೆ. ತೊಂದರೆಯಾಗದಿದ್ದರೆ ವರ್ಷ ವರ್ಷವೂ ಅದೇ ಜಾಗಕ್ಕೆ ಮರಳುತ್ತದೆ. ಅದರ ಆಹಾರದಲ್ಲಿ ಇಲಿ, ಹೆಗ್ಗಣಗಳದ್ದೇ ದೊಡ್ಡ ಪಾಲು. ಸುತ್ತ ಟೊಮೆಟೊ, ರಾಗಿ, ಹಿಪ್ಪುನೇರಳೆ ಬೆಳೆಯುವವರು ಈ ಹಕ್ಕಿಯನ್ನು ಅಪಶಕುನವೆಂದು ಓಡಿಸುವ ಬದಲು ಉಳಿಸಿಕೊಂಡರೆ ಅವರಿಗೇ ಲಾಭ.

ಬಿಸಿಲೇರಿದ ಬಂಡೆಗಳ ಮೇಲೆ ಕಾಣುವ ಬಂಡೆ ಓತಿಕ್ಯಾತ ಇನ್ನೊಂದು ನಿವಾಸಿ. ಉಳಿದ ದಿನಗಳಲ್ಲಿ ಕಲ್ಲಿನ ಬಣ್ಣದಲ್ಲೇ ಮರೆಯಾಗಿರುವ ಗಂಡು, ಮರಿ ಮಾಡುವ ಕಾಲದಲ್ಲಿ ಬೆನ್ನಿಗೆ ಕೆಂಪು ಹಳದಿಯನ್ನೂ ಪಕ್ಕೆಗೆ ಅಚ್ಚ ಕಪ್ಪನ್ನೂ ತಂದುಕೊಂಡು, ಎತ್ತರದ ಕಲ್ಲೊಂದರ ನೆತ್ತಿಯಲ್ಲಿ ಕೂತು ತಲೆ ಕುಣಿಸುತ್ತದೆ. ಗೋಡೆಯ ಚಾಚುಗಳ ಅಡಿಯಲ್ಲಿ ಅಂಬರಗುಬ್ಬಿಗಳು ಮಣ್ಣಿನ ಗೂಡು ಕಟ್ಟುತ್ತವೆ, ಹೆಜ್ಜೇನು ಹುಟ್ಟು ಇಡುತ್ತದೆ. ನೀರಿನಲ್ಲಿ ಗುಳುಮುಳುಕ, ನೀರುಕಾಗೆ, ದಡದಲ್ಲಿ ಮಿಂಚುಳ್ಳಿ ಕಾಣಿಸುತ್ತವೆ. ಕುರುಚಲು ಬೆಳೆದ ಬಂಡೆಗುಡ್ಡಕ್ಕೆ ಕ್ವಾರಿ ತಾಗಿಕೊಂಡಿದ್ದರೆ ಹಳದಿ ಕೊರಳಿನ ಪಿಕಳಾರವೂ ಬರಬಹುದು. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲದ, ನಂದಿ ಬೆಟ್ಟ ಮತ್ತು ದೇವರಾಯನದುರ್ಗದಲ್ಲಿ ಹಕ್ಕಿ ನೋಡುವವರು ಹುಡುಕಿಕೊಂಡು ಹೋಗುವ ಈ ಹಕ್ಕಿ ಅಪಾಯದ ಅಂಚಿನಲ್ಲಿರುವ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬಿಟ್ಟ ಕ್ವಾರಿಯಲ್ಲಿ ಜೀವ ಮರಳುತ್ತದೆ ಎಂಬುದು ಹೊಸ ಬಂಡೆಗುಡ್ಡವನ್ನು ಒಡೆಯಲು ಕೊಡುವ ಪರವಾನಗಿಯಾಗಬಾರದು. ಕೋಲಾರದ ಹೆಸರನ್ನೇ ಹೊತ್ತ ಎಲೆಮೂಗಿನ ಬಾವಲಿ ಇದಕ್ಕೆ ಸಾಕ್ಷಿ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಪುಟ್ಟ ಬಾವಲಿ ತೇರಹಳ್ಳಿ ಮತ್ತು ಹನುಮನಹಳ್ಳಿಯ ಗುಹೆಗಳಲ್ಲಿತ್ತು. ತೇರಹಳ್ಳಿಯಿಂದ ಅದು ಕಣ್ಮರೆಯಾಗಿ, ಈಗ ಜಗತ್ತಿನಲ್ಲೇ ಹನುಮನಹಳ್ಳಿಯ ಒಂದು ಗುಹೆಯಲ್ಲಿ ಮಾತ್ರ, 200ಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಉಳಿದಿದೆ. ಗ್ರಾನೈಟ್ ಗಣಿಗಾರಿಕೆಯೇ ಅದರ ದೊಡ್ಡ ಶತ್ರುವಾಗಿತ್ತು. ಸಾವಿರಾರು ವರ್ಷಗಳಲ್ಲಿ ರೂಪುಗೊಂಡ ಗುಹೆಯ ಕತ್ತಲು, ತೇವ ಮತ್ತು ತಂಪನ್ನು ಯಾವ ಕ್ವಾರಿಯ ಗುಂಡಿಯೂ ಮರಳಿ ಕೊಡಲಾರದು. ಈ ಲೇಖನದಲ್ಲಿ ಹೇಳುತ್ತಿರುವುದೆಲ್ಲ ಈಗಾಗಲೇ ಒಡೆದು, ಬಿಟ್ಟು, ಹಾಳುಬಿದ್ದ ಗುಂಡಿಗಳ ವಿಷಯ ಮಾತ್ರ.

ತಾನಾಗಿ ಆಗದ ಕೆಲಸಗಳು

ಕ್ವಾರಿಯನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದೇನೂ ಇಲ್ಲ. ನೀರಿನದ್ದೇ ಮೊದಲ ತೊಡಕು. ಕೆರೆಗೆ ಇಳಿಜಾರಾದ ದಂಡೆಯಿರುತ್ತದೆ, ಅಲ್ಲಿ ಜೊಂಡು ಬೆಳೆಯುತ್ತದೆ, ಕಪ್ಪೆ ಮೊಟ್ಟೆಯಿಡುತ್ತದೆ, ಬೆಳ್ಳಕ್ಕಿ ಕಾಲೂರಿ ನಿಲ್ಲುತ್ತದೆ. ಕ್ವಾರಿಯ ನೀರಿಗೆ ದಂಡೆಯೇ ಇಲ್ಲ. ಗೋಡೆ ನೇರವಾಗಿ ಆಳಕ್ಕೆ ಇಳಿಯುತ್ತದೆ. ಈಜಲು ಇಳಿದವರು ಮೇಲೆ ಹತ್ತಲಾಗದೆ ಸಾಯುವುದಕ್ಕೂ, ನೀರು ಕುಡಿಯಲು ಹೋದ ಪ್ರಾಣಿ ಜಾರಿ ಬಿದ್ದು ಉಳಿಯದಿರುವುದಕ್ಕೂ ಕಾರಣ ಒಂದೇ. ಲಾರಿ ಇಳಿಯುತ್ತಿದ್ದ ಬದಿಯಲ್ಲಿ ಕ್ವಾರಿಯದ್ದೇ ಒಡಕುಗಲ್ಲು ಮತ್ತು ಮೇಲ್ಮಣ್ಣು ತುಂಬಿ ಮೊಣಕಾಲುದ್ದದ ನೀರು ನಿಲ್ಲುವ ಒಂದು ತಟ್ಟನ್ನು ಮಾಡಿದರೆ ಅರ್ಧ ಸಮಸ್ಯೆ ತೀರುತ್ತದೆ. ಗುಂಡಿಗೆ ಹೊರಗಿನ ಚರಂಡಿ ನೀರು ಬರದಂತೆ ತಡೆಯುವುದೂ ಅಷ್ಟೇ ಮುಖ್ಯ, ಏಕೆಂದರೆ ಬರೀ ಮಳೆನೀರು ತುಂಬಿದ ಆಳದ ಗುಂಡಿಯಲ್ಲಿ ಪೋಷಕಾಂಶ ಕಡಿಮೆಯಿದ್ದು ನೀರು ತಿಳಿಯಾಗಿರುತ್ತದೆ. ಸಾರಜನಕ, ರಂಜಕ ಹೆಚ್ಚಾಗಿರುವ ನೀರು ಸೇರಿದರೆ ಪಾಚಿ ಉಕ್ಕಿ, ಆಳದಲ್ಲಿ ಆಮ್ಲಜನಕ ತೀರಿಹೋಗುತ್ತದೆ. ಬೆಂಗಳೂರಿನಿಂದ ಶುದ್ಧೀಕರಿಸಿದ ತ್ಯಾಜ್ಯನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದರಿಂದ ಯಾವ ಕ್ವಾರಿಗೆ ಯಾವ ಮೂಲದ ನೀರು ಸೇರುತ್ತಿದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಪರೀಕ್ಷಿಸಬೇಕು. ಯಾರೋ ತಂದು ಬಿಡುವ ಆಫ್ರಿಕನ್ ಕ್ಯಾಟ್‌ಫಿಶ್ ಕಪ್ಪೆಮರಿ, ಸಣ್ಣ ಮೀನುಗಳನ್ನೆಲ್ಲ ನುಂಗಿಹಾಕುತ್ತದೆ. ದಡದಲ್ಲಿ ಬಳ್ಳಾರಿ ಜಾಲಿ ಮತ್ತು ಲಂಟಾನ ಉಳಿದ ಗಿಡಗಳಿಗೆ ಜಾಗವೇ ಬಿಡದಂತೆ ಹಬ್ಬುತ್ತವೆ. ಇವನ್ನು ವರ್ಷ ವರ್ಷವೂ ಕೀಳಿಸದೆ ಬೇರೆ ದಾರಿಯಿಲ್ಲ.

ಮಣ್ಣನ್ನು ಬೇಗ ಕಟ್ಟಬಹುದೇ ಎಂಬ ಪ್ರಶ್ನೆಗೆ ಕೀನ್ಯಾ ದೇಶದ ಮೊಂಬಾಸಾ ಬಳಿಯ ಹಾಲರ್ ಪಾರ್ಕ್ ಒಳ್ಳೆಯ ಉತ್ತರ ಕೊಟ್ಟಿದೆ. ಬಾಂಬುರಿ ಸಿಮೆಂಟ್ ಕಾರ್ಖಾನೆಗಾಗಿ ಸುಣ್ಣಕಲ್ಲು ತೆಗೆದ ಆ ಬಯಲಿನಲ್ಲಿ 1971ರಲ್ಲಿ ರೆನೆ ಹಾಲರ್ ಎಂಬ ಕೃಷಿತಜ್ಞರು 26 ಜಾತಿಯ ಸಸಿಗಳನ್ನು ನೆಟ್ಟು ನೋಡಿದರು. ಉಳಿದದ್ದು ಮೂರೇ ಜಾತಿ. ಅದರಲ್ಲಿ ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವ ಸರ್ವೆ ಮರವೂ ಒಂದು. ಸರ್ವೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಅದು ಬಡನೆಲದಲ್ಲೂ ಬೆಳೆಯುತ್ತದೆ. ಆದರೆ ಉದುರಿದ ಅದರ ಸೂಜಿಯೆಲೆಗಳು ಕೊಳೆಯದೆ ಹಾಗೇ ಬಿದ್ದಿದ್ದವು. ಅವನ್ನು ತಿನ್ನುವ ಕೆಂಪುಕಾಲಿನ ಸಹಸ್ರಪದಿಗಳನ್ನು ತಂದು ಬಿಟ್ಟ ಮೇಲೆ ಎಲೆ ಗೊಬ್ಬರವಾಯಿತು, ಗೊಬ್ಬರದಲ್ಲಿ ಬೇರೆ ಮರಗಳು ಹುಟ್ಟಿದವು, ಕಾಡು ಬೆಳೆಯಿತು. ಕೋಲಾರದಲ್ಲಿ ಸರ್ವೆಯನ್ನೇ ನೆಡಬೇಕೆಂದು ಇದರ ಅರ್ಥವಲ್ಲ. ಇಲ್ಲಿನ ನೆಲಕ್ಕೆ ಹೊಂಗೆ, ಕಕ್ಕೆ, ಬೇಲ, ಹುಣಸೆ, ಸೀತಾಫಲ ಒಗ್ಗುತ್ತವೆ. ನೀಲಗಿರಿ ಮಾತ್ರ ಬೇಡ. 2017ರಲ್ಲಿ ರಾಜ್ಯ ಸರ್ಕಾರವೇ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿದೆ. ಮಾಡಿದ ಮಣ್ಣಿನಲ್ಲಿ ಜೀವಚಕ್ರ ತಿರುಗಲು ಗಿಡದಷ್ಟೇ ಕೊಳೆಸುವ ಹುಳಹುಪ್ಪಟೆಯೂ ಬೇಕು ಎಂಬುದು ಮೊಂಬಾಸಾದಿಂದ ನಾವು ಕಲಿಯಬೇಕಾದ ಅಂಶ.

ದಾರಿ ಏಕೆ ಎತ್ತರದಲ್ಲಿರಬೇಕು

ಈಗ ಕಾಲುದಾರಿಗೆ ಬರೋಣ. ಬಂಡೆಯ ಮೇಲೆ ಕಟ್ಟಿಕೊಂಡ ಬೆರಳು ದಪ್ಪದ ಮಣ್ಣು ಹತ್ತಾರು ವರ್ಷಗಳ ಸಂಪಾದನೆ. ನಡೆದಾಡಿದಾಗ ಅದರೊಳಗಿನ ಗಾಳಿಯ ಎಡೆಗಳು ಮುಚ್ಚಿ, ನೀರು ಇಂಗದೆ, ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ನೆಲದ ಮೇಲಿನ ದಾರಿಯಾದರೆ ಜನ ಅದನ್ನು ಬಿಟ್ಟು ಆಚೀಚೆ ಕಾಲಿಡುವುದನ್ನು ತಡೆಯಲು ಸಾಧ್ಯವೇ ಇಲ್ಲ. ಒಬ್ಬರು ಇಟ್ಟ ಹೆಜ್ಜೆ ಅಡ್ಡದಾರಿಯಾಗುತ್ತದೆ. ಎತ್ತರದ ದಾರಿಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಅದರ ಅಡಿಯಲ್ಲಿ ಉಡ, ಮುಳ್ಳುಹಂದಿ, ಮೊಲ ತಮ್ಮ ಪಾಡಿಗೆ ಹಾದುಹೋಗುತ್ತವೆ, ಮಳೆನೀರು ತನ್ನ ಹಾದಿಯಲ್ಲೇ ಹರಿಯುತ್ತದೆ. ಜನರ ಸುರಕ್ಷತೆಗೂ ಇದೇ ಮೇಲು: ಕೊಳಕುಮಂಡಲದಂತಹ ಹಾವನ್ನು ತುಳಿಯುವ ಭಯವಿಲ್ಲ, ನೀರಿನ ಅಂಚಿಗೆ ಹೋಗುವ ಅವಕಾಶವಿಲ್ಲ.

ಎತ್ತರಕ್ಕೆ ಇನ್ನೂ ಒಂದು ಕಾರಣವಿದೆ. ಗಾಲಿಕುರ್ಚಿಯಲ್ಲಿ ಬರುವವರಿಗೂ ದಾರಿ ತೆರೆದಿರಬೇಕಾದರೆ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು. 30 ಮೀಟರ್ ಆಳದ ಗುಂಡಿಯ ತಳಕ್ಕೆ ಈ ಲೆಕ್ಕದಲ್ಲಿ ಇಳಿಯಲು 360 ಮೀಟರ್ ಉದ್ದದ ಇಳಿಜಾರು, ಅದರ ಜೊತೆಗೆ ನಡುನಡುವೆ ನಿಂತು ಸುಧಾರಿಸಿಕೊಳ್ಳುವ ಸಮತಟ್ಟುಗಳು ಬೇಕು. ಅಷ್ಟು ಕಬ್ಬಿಣವನ್ನು ಗುಂಡಿಯೊಳಗೆ ಸುತ್ತಿದರೆ ಅದು ಪ್ರಾಣಿಗಳ ನೆಲೆಯಾಗಿ ಉಳಿಯುವುದಿಲ್ಲ. ದಾರಿಯನ್ನು ಮೇಲಿನ ನೆಲದ ಮಟ್ಟದಲ್ಲೇ ಹೊರಡಿಸಿ, ಅದೇ ಮಟ್ಟದಲ್ಲಿ ಗುಂಡಿಯ ಒಂದು ಮೂಲೆಯ ಮೇಲೆ ಹಾಯಿಸಿ, ಮರಳಿ ನೆಲಕ್ಕೆ ತರುವುದು ಎಲ್ಲ ದೃಷ್ಟಿಯಿಂದಲೂ ಮೇಲು. ಕೆಳಗಿಳಿಯಬೇಕೆಂಬ ಆಸೆಯನ್ನು ಯೋಜನೆ ಮಾಡುವವರು ಮೊದಲ ದಿನವೇ ಬಿಡಬೇಕು.

ಕಟ್ಟುವುದಕ್ಕೆ ಮುನ್ನ ನೋಡಬೇಕಾದದ್ದು ಗೋಡೆಯ ಗಟ್ಟಿತನ. ಸಿಡಿಮದ್ದಿನ ಹೊಡೆತಕ್ಕೆ ಸಿಕ್ಕ ಬಂಡೆಯಲ್ಲಿ ಸಹಜ ಬಿರುಕುಗಳ ಜೊತೆ ಹೊಸ ಬಿರುಕುಗಳೂ ಇರುತ್ತವೆ. ಒಂದು ಘನ ಮೀಟರ್ ಗ್ರಾನೈಟಿನ ತೂಕ ಸುಮಾರು 2.7 ಟನ್. ಎರಡು ಬಿರುಕುಗಳು ಗುಂಡಿಯ ಕಡೆಗೆ ವಾಲಿ ಒಂದಕ್ಕೊಂದು ಸೇರಿದರೆ ಅವುಗಳ ನಡುವಿನ ತುಂಡು ಜಾರಲು ಸಿದ್ಧವಾಗಿರುತ್ತದೆ. ಮಳೆಗಾಲದಲ್ಲಿ ಬಿರುಕಿನೊಳಗೆ ನಿಂತ ನೀರಿನ ಒತ್ತಡವೂ, ಅರಳಿಯ ಬೇರೂ ಅದನ್ನು ತಳ್ಳುತ್ತವೆ. ಆದ್ದರಿಂದ ಭೂವಿಜ್ಞಾನಿಯೊಬ್ಬರು ಪ್ರತಿ ಬಿರುಕಿನ ದಿಕ್ಕು ಮತ್ತು ವಾಲನ್ನು ಅಳೆದು ನಕ್ಷೆ ಮಾಡಿದ ಮೇಲೆಯೇ ಕಂಬ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಬೇಕು. ಸಡಿಲ ತುಂಡುಗಳನ್ನು ಕೆಡವಬೇಕು ಇಲ್ಲವೇ ಸರಳಿನಿಂದ ಬಿಗಿಯಬೇಕು, ಆದರೆ ಗೋಡೆಯನ್ನೆಲ್ಲ ಬಲೆ ಹೊದಿಸಿ, ಸಿಮೆಂಟ್ ಸಿಂಪಡಿಸಿ ಭದ್ರ ಮಾಡುವ ರಸ್ತೆ ಕಾಮಗಾರಿಯ ಕ್ರಮ ಇಲ್ಲಿ ಸಲ್ಲದು. ಗೂಬೆಗೆ ಬೇಕಾದದ್ದು ಅದೇ ಚಾಚು, ಓತಿಕ್ಯಾತಕ್ಕೆ ಬೇಕಾದದ್ದು ಅದೇ ಬಿರುಕು.

ಅಡಿಪಾಯಕ್ಕೆ ದೊಡ್ಡ ಗುಂಡಿ ತೋಡಿ ಕಾಂಕ್ರೀಟ್ ತುಂಬಬೇಕಾಗಿಲ್ಲ. ಗಟ್ಟಿ ಬಂಡೆಯಲ್ಲಿ ಕಿರಿದಾದ ತೂತು ಕೊರೆದು, ಉಕ್ಕಿನ ಸರಳಿಳಿಸಿ, ಸಿಮೆಂಟ್ ಅಥವಾ ಎಪಾಕ್ಸಿ ಅಂಟು ತುಂಬಿದರೆ ಬಂಡೆಯೇ ಕಂಬವನ್ನು ಹಿಡಿದುಕೊಳ್ಳುತ್ತದೆ. ನಂತರ ಸರಳನ್ನು ಯಂತ್ರದಿಂದ ಎಳೆದು ಪರೀಕ್ಷಿಸುತ್ತಾರೆ. ಈ ಭಾಗದ ಕಲ್ಲು ಕೆಲಸಗಾರರ ಅನುಭವ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ: ಬಂಡೆಯ ಪದರು ಯಾವ ಕಡೆಗಿದೆ, ಎಲ್ಲಿ ಸದ್ದು ಗಟ್ಟಿಯಾಗಿದೆ, ಎಲ್ಲಿ ಟೊಳ್ಳು ಎಂಬುದನ್ನು ಸುತ್ತಿಗೆಯ ಏಟಿನಿಂದಲೇ ಹೇಳಬಲ್ಲವರು ಅವರು. ಕ್ವಾರಿ ನಿಂತಾಗ ಮೊದಲು ಕೂಲಿ ಕಳೆದುಕೊಂಡವರೂ ಅವರೇ. ಕೊರೆಯುವ ಕೆಲಸಕ್ಕೂ ಮುಂದೆ ದಾರಿಯ ಪಾಲನೆಗೂ ಅವರನ್ನೇ ತೆಗೆದುಕೊಳ್ಳಬೇಕೆಂಬ ಷರತ್ತು ಟೆಂಡರಿನಲ್ಲಿಯೇ ಇರಬೇಕು.

ಭಾರದ ಲೆಕ್ಕ ಸರಳ. ಪಾದಚಾರಿ ಸೇತುವೆಗಳಿಗೆ ಚದರ ಮೀಟರಿಗೆ 400ರಿಂದ 500 ಕಿಲೋಗ್ರಾಂ ಜನಭಾರ ಹಿಡಿಯುವುದು ವಾಡಿಕೆ. ಎರಡು ಮೀಟರ್ ಅಗಲ, 100 ಮೀಟರ್ ಉದ್ದದ ದಾರಿ ಜನರಿಂದ ಕಿಕ್ಕಿರಿದರೆ 100 ಟನ್ ಹೊರಬೇಕು. ಇದಕ್ಕಿಂತ ಸೂಕ್ಷ್ಮವಾದದ್ದು ಅಲುಗಾಟ. ನಡೆಯುವಾಗ ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ, ಮೈ ಎಡಬಲಕ್ಕೆ ತೂಗುವುದು ಸೆಕೆಂಡಿಗೆ ಒಂದು ಸಲ. ಸೇತುವೆಯ ಸಹಜ ಕಂಪನ ಇದಕ್ಕೆ ಹೊಂದಿಕೊಂಡರೆ ತೂಗಾಟ ಹೆಚ್ಚುತ್ತದೆ, ತೂಗಾಟಕ್ಕೆ ಹೊಂದಿಕೊಳ್ಳಲು ಜನರೇ ಒಂದೇ ಲಯದಲ್ಲಿ ಹೆಜ್ಜೆ ಹಾಕತೊಡಗುತ್ತಾರೆ, ಅದರಿಂದ ಅದು ಇನ್ನಷ್ಟು ಹೆಚ್ಚುತ್ತದೆ. ಲಂಡನ್ನಿನ ಮಿಲೆನಿಯಮ್ ಸೇತುವೆ 2000ದ ಜೂನ್ 10ರಂದು ತೆರೆದು, ಇದೇ ಕಾರಣಕ್ಕೆ ಎರಡೇ ದಿನದಲ್ಲಿ ಮುಚ್ಚಿ, ಕಂಪನ ತಗ್ಗಿಸುವ ಉಪಕರಣಗಳನ್ನು ಜೋಡಿಸಿದ ಮೇಲೆ 2002ರಲ್ಲಿ ಮತ್ತೆ ತೆರೆಯಿತು. ಇನ್ನು ಬಿಸಿಲು: ಚಳಿಗಾಲದ ಮುಂಜಾವಿಗೂ ಬೇಸಿಗೆಯ ನಡುಹಗಲಿಗೂ ಉಕ್ಕಿನ ಮೈಬಿಸಿ 45 ಡಿಗ್ರಿಯಷ್ಟು ಬದಲಾದರೆ 100 ಮೀಟರ್ ಉದ್ದದ ದಾರಿ 54 ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಎಡೆಯಿಡದಿದ್ದರೆ ಅದು ಸರಳುಗಳನ್ನೇ ಎಳೆಯುತ್ತದೆ.

ಹಕ್ಕಿಯ ಕಣ್ಣಿನಿಂದ ದಾರಿಯನ್ನು ನೋಡುವುದು

ಎಂಜಿನಿಯರುಗಳು ಇಷ್ಟನ್ನು ಬಲ್ಲರು. ಅವರಿಗೆ ಬೇರೆಯವರು ಹೇಳಿಕೊಡಬೇಕಾದದ್ದು ಪ್ರಾಣಿಗಳ ಲೆಕ್ಕ, ಮತ್ತು ಹೆಚ್ಚಿನ ಯೋಜನೆಗಳು ಎಡವುವುದೂ ಅಲ್ಲಿಯೇ ಎಂದು ನನ್ನ ಅನಿಸಿಕೆ. ಗೂಬೆ ಕೂರುವ ಗೋಡೆಯ ನೆತ್ತಿಯ ಮೇಲೆ ದಾರಿ ಹಾಯಬಾರದು. ಎದುರು ಗೋಡೆಯ ಕಡೆ, ಸಾಧ್ಯವಾದಷ್ಟು ದೂರದಲ್ಲಿರಬೇಕು. ಮೇಲಿನಿಂದ ಬಾಗಿ ನೋಡುವ ಮನುಷ್ಯ ಹಕ್ಕಿಗೆ ಬೇಟೆಗಾರನಾಗಿ ಕಾಣುತ್ತಾನೆ. ಆಕಾಶದ ಬೆಳಕಿಗೆ ಎದುರಾಗಿ ನಡೆಯುವ ಆಕೃತಿಗಳು ಎಷ್ಟು ದೂರದಿಂದಲೂ ಎದ್ದು ಕಾಣುವುದರಿಂದ, ದಾರಿಯ ಹಿಂದೆ ಮರಗಳ ಸಾಲೋ ಗೋಡೆಯೋ ಇರುವಂತೆ ನೋಡಿಕೊಳ್ಳಬೇಕು. ಜನ ನಿಂತು ನೋಡುವ ಜಾಗಗಳಲ್ಲಿ ಆಳೆತ್ತರದ ಬಿದಿರು ತಟ್ಟಿ ಕಟ್ಟಿ, ಮಕ್ಕಳಿಗೂ ದೊಡ್ಡವರಿಗೂ ಎಟುಕುವ ಎರಡು ಎತ್ತರದಲ್ಲಿ ಕಿಂಡಿ ಬಿಟ್ಟರೆ ಸಾಕು.

ದಾರಿಯ ಹಾಸು ಜಾಲರಿಯದ್ದಾದರೆ ಒಳ್ಳೆಯದು. ಬೆಳಕು, ಮಳೆ ಎರಡೂ ಕೆಳಗಿನ ಗಿಡಗಳಿಗೆ ಇಳಿಯುತ್ತವೆ. ಕಿಂಡಿಗಳು ಗಾಲಿಕುರ್ಚಿಯ ಚಕ್ರವೂ ಊರುಗೋಲೂ ಸಿಕ್ಕಿಕೊಳ್ಳದಷ್ಟು ಚಿಕ್ಕದಾಗಿರಬೇಕು. ಬರೀ ಉಕ್ಕಿನ ತಗಡು ಪ್ರತಿ ಹೆಜ್ಜೆಗೂ ಸದ್ದು ಮಾಡಿ, ಆ ಸದ್ದು ಮೂರು ಕಡೆಯ ಕಲ್ಲುಗೋಡೆಗೆ ಬಡಿದು ಮರಳುತ್ತದೆ. ಹಾಸು ಮತ್ತು ತೊಲೆಗಳ ನಡುವೆ ರಬ್ಬರ್ ಪಟ್ಟಿ ಇಡುವುದು ಕಡಿಮೆ ಖರ್ಚಿನ ಉಪಾಯ. ಗಾಜಿನ ನೆಲ, ಗಾಜಿನ ಕಟಕಟೆ ಈಗ ಎಲ್ಲೆಡೆ ಜನಪ್ರಿಯವಾಗಿವೆ. ಕಾಡುಜೀವಿಗಳ ನೆಲೆಯಲ್ಲಿ ಅವು ಖಂಡಿತ ಬೇಡ. ಹಕ್ಕಿಗೆ ಗಾಜು ಕಾಣುವುದಿಲ್ಲ, ಅದರಲ್ಲಿ ಕಾಣುವ ಆಕಾಶವನ್ನು ನಿಜವೆಂದು ನಂಬಿ ಬಂದು ಬಡಿದು ಸಾಯುತ್ತದೆ. ದೀಪಗಳೂ ಬೇಡ. ಸೂರ್ಯ ಮುಳುಗುವ ಮೊದಲೇ ಬಾಗಿಲು ಹಾಕಿದರೆ ದೀಪದ ಅಗತ್ಯವೇ ಇರುವುದಿಲ್ಲ, ಬಾವಲಿ ಮತ್ತು ಗೂಬೆಗಳಿಗೆ ಅವುಗಳ ಇರುಳು ಪೂರ್ತಿಯಾಗಿ ಸಿಗುತ್ತದೆ.

ಹೆಜ್ಜೇನಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಇದು ವಲಸೆ ಹೋಗುವ ಜೇನು. ಹೂವಿನ ಕಾಲಕ್ಕೆ ಬಂದು ಬಂಡೆಯ ಚಾಚಿನಡಿ ಒಂದು ಮೀಟರಿಗೂ ಅಗಲವಾದ ಹುಟ್ಟು ಕಟ್ಟಿ, ಆಮೇಲೆ ಬಿಟ್ಟುಹೋಗುತ್ತದೆ, ಮುಂದಿನ ವರ್ಷ ಸಾಮಾನ್ಯವಾಗಿ ಅಲ್ಲಿಗೇ ಮರಳುತ್ತದೆ. ಹೊಗೆ, ಸುಗಂಧದ್ರವ್ಯ, ಕಲ್ಲೆಸೆತ, ಹದ್ದಿನ ದಾಳಿ ಯಾವುದರಿಂದ ಬೇಕಾದರೂ ಕೆರಳಬಹುದು. ಎತ್ತರದ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಓಡಲು ಜಾಗವಿರುವುದಿಲ್ಲ. ಗೋಡೆಯ ಮೇಲೆ ಹಳೆಯ ಹುಟ್ಟುಗಳ ಮೇಣದ ಕಲೆ ಎಲ್ಲಿದೆಯೆಂದು ಗುರುತಿಸಿ ದಾರಿಯನ್ನು ಅಲ್ಲಿಂದ ದೂರ ಎಳೆಯುವುದು, ಎರಡೂ ತುದಿಯಲ್ಲಿ ಹೊರಬಾಗಿಲು ಇಡುವುದು, ಜೇನು ಕೂತಿರುವ ತಿಂಗಳುಗಳಲ್ಲಿ ಆ ಭಾಗವನ್ನು ಮುಚ್ಚುವುದು ಕಡ್ಡಾಯವಾಗಬೇಕು. ಜೇನನ್ನೇ ಓಡಿಸಿ ದಾರಿ ತೆರೆಯುವುದಾದರೆ ಈ ಯೋಜನೆಗೆ ಅರ್ಥವೇ ಇಲ್ಲ.

ಕಾನೂನು ಮತ್ತು ಹೊಣೆ

ಇದೆಲ್ಲ ಕಾನೂನಿನ ಹೊರಗಿನ ಕನಸೇನಲ್ಲ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗಳಿಗೂ ಪರಿಸರ ಅನುಮತಿ ಬೇಕೆಂದು ಹೇಳಿತು. 2020ರ ಜನವರಿ 8ರಂದು ಅದೇ ನ್ಯಾಯಾಲಯ, ಗಣಿಗಾರಿಕೆ ಮುಗಿದ ನೆಲದಲ್ಲಿ ಮೇವು, ಗಿಡ, ಪ್ರಾಣಿಗಳು ಮರಳುವಂತೆ ಹುಲ್ಲು ಬೆಳೆಸುವುದನ್ನು ಗುತ್ತಿಗೆಯ ಷರತ್ತಾಗಿ ಸೇರಿಸಬೇಕೆಂದು ಆದೇಶಿಸಿತು. ಗಣಿಬಾಧಿತ ಪ್ರದೇಶಗಳಿಗಾಗಿ ಗಣಿ ಕಾನೂನಿನ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇದೆ. ಕಾಗದದ ಮೇಲಿನ ಗಣಿ ಮುಚ್ಚುವ ಯೋಜನೆಯಲ್ಲಿ ‘ಸಸಿ ನೆಡಲಾಗುವುದು’ ಎಂಬ ಒಂದು ಸಾಲಿನ ಜಾಗದಲ್ಲಿ, ಯಾವ ಗೋಡೆಯನ್ನು ಹಾಗೇ ಬಿಡಬೇಕು, ಯಾವ ಕಡೆ ನೀರಿನ ತಟ್ಟು ಮಾಡಬೇಕು ಎಂಬ ವಿವರ ಬರಬೇಕು. ಯಂತ್ರಗಳು ಇನ್ನೂ ಅಲ್ಲೇ ಇರುವಾಗ ತಟ್ಟನ್ನು ಮಾಡಿಸುವುದು ಸುಲಭ. ಅವು ಹೊರಟುಹೋದ ಮೇಲೆ ಅದಕ್ಕೆ ಹಣ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಆಗಿರುವ ಉದಾಹರಣೆಗಳೂ ಇವೆ. ದೆಹಲಿಯ ಅಂಚಿನ ಭಟ್ಟಿ ಗಣಿಗಳು ಇಂದು ಅಸೋಲಾ ಭಟ್ಟಿ ಅಭಯಾರಣ್ಯದ ಭಾಗವಾಗಿವೆ, ಅಲ್ಲಿನ ಗುಂಡಿಗಳು ಕೊಳಗಳಾಗಿವೆ. ಕಲ್ಲು ತೆಗೆದು ಬಿಟ್ಟಿದ್ದ ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನದಲ್ಲಿ ನಾಗರಿಕರು ಸ್ಥಳೀಯ ಗಿಡಗಳನ್ನು ಬೆಳೆಸಿದ್ದು, ಸಂರಕ್ಷಿತ ಅರಣ್ಯದ ಹೊರಗಿದ್ದೂ ಜೀವವೈವಿಧ್ಯ ಕಾಯುವ ತಾಣವೆಂಬ ಮನ್ನಣೆ 2022ರಲ್ಲಿ ದೇಶದಲ್ಲೇ ಮೊದಲು ಸಿಕ್ಕಿದ್ದು ಅದಕ್ಕೆ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಬಳಿಯ ಸುಣ್ಣಕಲ್ಲಿನ ಕ್ವಾರಿಯಲ್ಲಿ ಗಣಿಗಾರಿಕೆ ನಡೆಯುತ್ತಿದ್ದಾಗಲೇ, 1997ರಲ್ಲಿ, ನಮ್ಮ ಕೊಂಬಿನ ಗೂಬೆಯ ಹತ್ತಿರದ ಬಂಧುವೊಂದು ಮರಿ ಮಾಡಿತು. ಗಣಿ 2018ರಲ್ಲಿ ನಿಂತಿತು, ಈಗ ಅದು ನಿಸರ್ಗ ತಾಣ.

ಹೀಗಾಗಿ ಕೋಲಾರದ ಯಾವುದೇ ಕ್ವಾರಿಯಲ್ಲಿ ಮೊದಲು ಬರಬೇಕಾದದ್ದು ಗುತ್ತಿಗೆದಾರರಲ್ಲ. ಕನಿಷ್ಠ ಒಂದು ಪೂರ್ತಿ ವರ್ಷ, ಮಳೆ ಚಳಿ ಬೇಸಿಗೆ ಮೂರರಲ್ಲೂ, ಯಾವ ಚಾಚಿನಲ್ಲಿ ಯಾರು ಕೂರುತ್ತಾರೆ, ಜಿನುಗು ಎಲ್ಲಿದೆ, ಜೇನು ಯಾವಾಗ ಬರುತ್ತದೆ, ನೀರು ಎಷ್ಟು ಇಳಿಯುತ್ತದೆ ಎಂದು ಬರೆದಿಡಬೇಕು. ಊರಿನ ಕುರಿಗಾಹಿಗಳೂ ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳೂ ಸೇರಿ ಮಾಡಬಹುದಾದ ಕೆಲಸ ಇದು. ಆ ದಾಖಲೆಯನ್ನು ನಕ್ಷೆಯ ಮೇಲೆ ಇಟ್ಟಾಗ ಉಳಿಯುವ ಖಾಲಿ ಜಾಗದಲ್ಲಿ ಮಾತ್ರ ದಾರಿಯ ಗೆರೆ ಎಳೆಯಬೇಕು. ಕಟ್ಟಿದ ನಂತರ ಪ್ರತಿ ಮಳೆಗಾಲದ ಮುಂಚೆ ಬೋಲ್ಟು, ಬೆಸುಗೆ, ಸರಳುಗಳ ತಪಾಸಣೆ, ಮಳೆಗಾಲದ ನಂತರ ಗೋಡೆಯ ಬಿರುಕುಗಳ ಮರುಅಳತೆ ನಡೆಯಬೇಕು. ಇದರ ಖರ್ಚನ್ನು ಕಟ್ಟುವ ಖರ್ಚಿನ ಜೊತೆಗೇ ಎತ್ತಿಡಬೇಕು. ಬಾಗಿಲಿನ ಬೀಗ ಗ್ರಾಮ ಪಂಚಾಯಿತಿಯ ಕೈಯಲ್ಲಿದ್ದು, ಗೂಬೆ ಕಾವಿಗೆ ಕೂತ ತಿಂಗಳುಗಳಲ್ಲಿ ಎಂತಹ ದೊಡ್ಡವರು ಬಂದರೂ ಅದನ್ನು ತೆರೆಯುವಂತಿಲ್ಲ ಎಂಬ ನಿಯಮವನ್ನು ಗ್ರಾಮಸಭೆಯಲ್ಲಿಯೇ ಒಪ್ಪಿ ಬರೆಸಿಕೊಂಡಿರಬೇಕು.